ಮಳೆಗಾಲದ ಹರಳು

ಸುಮನಾ ಎಂ.ಎಸ್ಸಿ. ಓದುತ್ತಿದ್ದಾಗ ಪ್ರೊಫೆಸರ್ ವಿಶ್ವಾರಾಧ್ಯರು ಒಂದು ದಿನ ತರಗತಿಗೆ ಸೀಮೆಸುಣ್ಣದ ಬದಲು ಒಂದು ಗಾಜಿನ ಫ್ಲಾಸ್ಕ್ ಹಿಡಿದುಕೊಂಡು ಬಂದರು. ಅದರಲ್ಲಿ ಮೆಗ್ನೀಸಿಯಂ ಚೂರುಗಳಿದ್ದವು. ಮೇಲೆ ಈಥರ್ ಸುರಿದರು, ಇನ್ನೊಂದು ದ್ರವವನ್ನು ಹನಿಹನಿಯಾಗಿ ಬಿಟ್ಟರು, ಸಾಸಿವೆಯಷ್ಟು ಅಯೋಡಿನ್ ಹಾಕಿದರು. ಆಮೇಲೆ ಏನೂ ಮಾಡದೆ ಫ್ಲಾಸ್ಕಿನ ತಳವನ್ನು ಅಂಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತರು. ಹಿಂದಿನ ಬೆಂಚಿನಲ್ಲಿ ಪಿಸುಮಾತು ಶುರುವಾಗುವಷ್ಟು ಹೊತ್ತು ನಿಂತರು. ಆಗ ಅಯೋಡಿನ್ನಿನ ಕಂದು ಬಣ್ಣ ಇದ್ದಕ್ಕಿದ್ದಂತೆ ಮಾಯವಾಯಿತು. ಒಲೆಯಿಲ್ಲ, ಬೆಂಕಿಯಿಲ್ಲ, ದ್ರವ ತನ್ನಷ್ಟಕ್ಕೆ ತಾನೇ ಕುದಿಯತೊಡಗಿತು. ಇಂಗಾಲಕ್ಕೂ ಲೋಹಕ್ಕೂ ಈಗ ತಾನೇ ನೇರ ಗಂಟು ಬಿತ್ತು ಎಂದು ಅವರು ಹೇಳಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು, ಎಲ್ಲರೂ ಎದ್ದರು. ಸುಮನಾ ಮಾತ್ರ ಆ ಕುದಿತ ನಿಲ್ಲುವವರೆಗೂ ಮುಂದಿನ ಬೆಂಚಿನಲ್ಲೇ ಕೂತಿದ್ದಳು.

ಹಾಗಾಗಿ ೧೯೯೨ರಲ್ಲಿ ಸಂಶೋಧನೆಗೆ ಸೇರುವ ಸಮಯ ಬಂದಾಗ ಅವಳು ಬೇರೆ ಯಾರನ್ನೂ ಕೇಳಲಿಲ್ಲ. ಅವಳು ಓದಿದ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲೇ ಔಷಧಿ ಗಿಡಗಳಿಂದ ಸತ್ವ ತೆಗೆಯುವ ಮೇಷ್ಟ್ರುಗಳಿದ್ದರು, ಭದ್ರಾ ನದಿಯ ನೀರನ್ನು ಬಾಟಲಿಯಲ್ಲಿ ತಂದು ಪರೀಕ್ಷಿಸುವವರಿದ್ದರು. ಅವರ ಕೈಕೆಳಗೆ ಸೇರಿದವರು ಹೆಚ್ಚು ತೊಂದರೆಯಿಲ್ಲದೆ ಡಾಕ್ಟರೇಟ್ ಮುಗಿಸಿ ಕಾಲೇಜುಗಳಲ್ಲಿ ಕೆಲಸ ಹಿಡಿಯುತ್ತಿದ್ದರು. ವಿಶ್ವಾರಾಧ್ಯರ ಬಳಿ ಮಾತ್ರ ಬಹಳ ಕಾಲದಿಂದ ಯಾವ ವಿದ್ಯಾರ್ಥಿಯೂ ಇರಲಿಲ್ಲ. ಅವರು ಚಿಕ್ಕ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಹೋಗಿ ಬೋರಾನ್ ರಸಾಯನಶಾಸ್ತ್ರದಲ್ಲಿ ಕೆಲಸ ಮಾಡಿ ಬಂದವರು. ಊರಿಗೆ ಮರಳಿದ ಮೇಲೆ ಇಲ್ಲೂ ಅದನ್ನು ಮುಂದುವರಿಸಲು ನೋಡಿದ್ದರು. ಆದರೆ ಆ ಪದಾರ್ಥಗಳಿಗೆ ಗಾಳಿ ಆಗುವುದಿಲ್ಲ, ತೇವ ಅಂತೂ ಆಗುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಜಾಗದಲ್ಲಿ ಆ ಕೆಲಸ ಕೈಗೂಡಲಿಲ್ಲ. ಕೊನೆಗೆ ಅವರು ಪಾಠ ಮಾಡಿಕೊಂಡು ಇದ್ದುಬಿಟ್ಟರು.

ಸುಮನಾ ಬಂದು ಕೇಳಿದಾಗ ಅವರು ಮೊದಲು ಬೇಡವೆಂದರು. ಬೇರೆಯವರ ಹೆಸರು ಹೇಳಿದರು. ಅವಳು ಮಾರನೆಯ ವಾರ ಮತ್ತೆ ಬಂದಳು. ಅವಳ ತಂದೆ ಮೂರ್ತಪ್ಪನವರಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬೀಗ, ಕೀಲು, ಮೊಳೆಗಳ ಅಂಗಡಿಯಿತ್ತು. ಗಿರಾಕಿ ಬೇಡ ಅಂದರೂ ಇನ್ನೊಂದು ಮಾತು ಆಡಿಸುವ ಗುಣ ಮಗಳಿಗೂ ಬಂದಿತ್ತು. ವಿಶ್ವಾರಾಧ್ಯರು ಕೊನೆಗೆ ಬೀರುವಿನಿಂದ ಧೂಳು ಹಿಡಿದ ಗಾಜಿನ ಕೊಳವೆಗಳನ್ನು ಹೊರತೆಗೆದು ತೊಳೆಯಲು ಕೊಟ್ಟರು. ಅದೇ ಒಪ್ಪಿಗೆ ಎಂದು ಅವಳು ತಿಳಿದುಕೊಂಡಳು.

ಅವರು ಕೊಟ್ಟ ಕೆಲಸ ಹೇಳಲು ಸುಲಭವಾಗಿತ್ತು. ಬೋರಾನಿಗೆ ಯಾವಾಗಲೂ ಎಲೆಕ್ಟ್ರಾನುಗಳ ಕೊರತೆ. ಯಾರು ಕೊಟ್ಟರೂ ಕೈ ಚಾಚುತ್ತದೆ, ಅದರಲ್ಲೂ ನೀರು ಕಂಡರೆ ಬಿಡುವುದಿಲ್ಲ. ಇಂಗಾಲಕ್ಕೆ ಕಟ್ಟಿದ ಬೋರಾನ್ ಔಷಧಿ ತಯಾರಿಸುವವರಿಗೆ ಬಹಳ ಬೇಕಾದ ವಸ್ತು. ಎರಡು ಅಣುಗಳನ್ನು ಬೆಸೆಯಬೇಕಾದರೆ ಅದೇ ಬೆಸುಗೆ. ಆದರೆ ತಯಾರಿಸಿ ಇಟ್ಟರೆ ಉಳಿಯುವುದಿಲ್ಲ. ಅದಕ್ಕೆ ಒಂದು ಹೊದಿಕೆ ಬೇಕು. ಎರಡು ಕಡೆ ಆಮ್ಲಜನಕ, ನಡುವೆ ಸಾರಜನಕ ಇರುವ ಒಂದು ಜೊತೆಗಾರ ಅಣುವನ್ನು ಕೊಟ್ಟರೆ, ಸಾರಜನಕ ತನ್ನ ಬಳಿ ಇರುವ ಜೋಡಿ ಎಲೆಕ್ಟ್ರಾನುಗಳನ್ನು ಬೋರಾನಿಗೆ ಕೊಟ್ಟು ಅದರ ಹಸಿವು ತಣಿಸುತ್ತದೆ. ಅಂಥ ಜೊತೆಗಾರನನ್ನು ಹುಡುಕಬೇಕು. ಸಿಕ್ಕರೆ ಆ ವಸ್ತುವನ್ನು ಸಕ್ಕರೆಯ ಹಾಗೆ ಸಾದಾ ಬಾಟಲಿಯಲ್ಲಿ ಹಾಕಿ ಕಪಾಟಿನಲ್ಲಿ ಇಡಬಹುದು.

ಅವಳು ಒಂದಾದ ಮೇಲೊಂದು ಜೊತೆಗಾರರನ್ನು ತಯಾರಿಸಿದಳು. ನವೆಂಬರಿನಿಂದ ಮೇ ತನಕ ಕೆಲಸ; ಮಳೆ ಹಿಡಿದ ಮೇಲೆ ಗ್ರಂಥಾಲಯ. ಗಾಜಿನ ಪಾತ್ರೆಗಳನ್ನು ಓವನ್ನಿನಲ್ಲಿ ಕಾಯಿಸಿ, ಬಿಸಿಯಾಗಿರುವಾಗಲೇ ಜೋಡಿಸಿ, ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಸಿಲಿಂಡರಿನಿಂದ ನೈಟ್ರೋಜನ್ ತುಂಬಿ, ಆಮೇಲೆ ಕೆಲಸ ಶುರು ಮಾಡಬೇಕು. ಎಲ್ಲೋ ಒಂದು ಕೂದಲೆಳೆಯ ಸಂದಿನಿಂದ ತೇವ ಒಳಗೆ ಹೋಗಿರುತ್ತಿತ್ತು. ಸಂಜೆಯ ಹೊತ್ತಿಗೆ ಫ್ಲಾಸ್ಕಿನ ತಳದಲ್ಲಿ ಬಿಳಿ ಪುಡಿ ಕೂತಿರುತ್ತಿತ್ತು. ವಿಶ್ವಾರಾಧ್ಯರು ಅದನ್ನು ಬೆಳಕಿಗೆ ಹಿಡಿದು ನೋಡಿ, ಬೋರಿಕ್ ಆಸಿಡ್ ಅಂದು, ನಾಳೆ ಮತ್ತೆ ಮಾಡೋಣ ಅನ್ನುತ್ತಿದ್ದರು. ನೀರು ಎಂದರೆ ಶತ್ರು ಎಂಬುದನ್ನು ಅವರು ಬೈದು ಕಲಿಸಲಿಲ್ಲ, ತಾವೇ ಪಕ್ಕದಲ್ಲಿ ನಿಂತು ಪ್ರತಿ ಕೀಲಿಗೂ ಗ್ರೀಸ್ ಹಚ್ಚಿ ಕಲಿಸಿದರು.

೧೯೯೪ರಲ್ಲಿ ಅವಳನ್ನು ನೋಡಲು ಭದ್ರಾವತಿಯಿಂದ ಒಂದು ಗಂಡು ಬಂದಿತು. ಹೆಸರು ವೀರೇಂದ್ರ. ಉಕ್ಕಿನ ಕಾರ್ಖಾನೆಯಲ್ಲಿ ಗಾಳಿಯಿಂದ ಆಮ್ಲಜನಕ ಬೇರೆ ಮಾಡುವ ಘಟಕದಲ್ಲಿ ಎಂಜಿನಿಯರ್. ಹಿರಿಯರು ಒಳಗೆ ಮಾತಾಡುತ್ತಿದ್ದಾಗ ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿದರು. ಏನು ಓದುತ್ತಿದ್ದೀರಿ ಎಂದು ಅವನು ಕೇಳಿದ. ಅವಳು ಹೇಳಿದಳು.

“ಬೋರಾನ್ ಅಂದ್ರೆ ಕೇರಂ ಬೋರ್ಡಿಗೆ ಹಾಕೋ ಪೌಡರ್ ಅಲ್ವಾ?” ಅಂದ.

“ಅದು ಬೋರಿಕ್ ಆಸಿಡ್. ನಾನು ಮಾಡಿದ್ದು ಕೆಟ್ಟುಹೋದ್ರೆ ಕೊನೆಗೆ ಅದೇ ಆಗೋದು.”

“ತುಂಬಾ ಕೆಟ್ಟಿದೆಯಾ?”

“ಇಡೀ ಶಿವಮೊಗ್ಗ ಕೇರಂ ಆಡಬಹುದು, ಅಷ್ಟು.”

ಅವನು ನಕ್ಕ. ಅವಳೂ ನಕ್ಕಳು. ಸಂಶೋಧನೆ ಮುಗಿಯುವ ತನಕ ಬಿಡುವುದಿಲ್ಲ, ಎಷ್ಟು ವರ್ಷವಾದರೂ ಸರಿ ಎಂದು ಅವಳು ಅಲ್ಲೇ ಹೇಳಿದಳು. ಶಂಕರಘಟ್ಟಕ್ಕೆ ಶಿವಮೊಗ್ಗಕ್ಕಿಂತ ಭದ್ರಾವತಿಯೇ ಹತ್ತಿರ ಎಂದು ಅವನು ಉತ್ತರ ಕೊಟ್ಟ. ಮದುವೆ ಆಯಿತು.

ಭದ್ರಾವತಿಯ ನ್ಯೂಟೌನಿನ ಕ್ವಾರ್ಟರ್ಸ್‌ನಲ್ಲಿ ಅವರ ಮನೆ. ಒಂದು ಕಡೆ ತಮಿಳಿನವರು, ಇನ್ನೊಂದು ಕಡೆ ತೆಲುಗಿನವರು, ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೂಗಿದರೆ ಬೀದಿಯ ಎಲ್ಲ ಮನೆಗಳಲ್ಲೂ ಒಟ್ಟಿಗೆ ಗಡಿಬಿಡಿ. ಸುಮನಾ ಡಬ್ಬಿ ಕಟ್ಟಿಕೊಂಡು ಶಂಕರಘಟ್ಟದ ಬಸ್ಸು ಹತ್ತುತ್ತಿದ್ದಳು. ಒಂದು ಭಾನುವಾರ ವೀರೇಂದ್ರನೂ ಜೊತೆಗೆ ಬಂದ. ಅವಳ ಗಾಜಿನ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಬಟ್ಟಲಲ್ಲಿ ಸೋಪಿನ ನೀರು ಮಾಡಿಕೊಂಡು ಪ್ರತಿ ಕೀಲಿಗೂ ಬ್ರಶ್ಶಿನಿಂದ ಹಚ್ಚಿದ. ರಬ್ಬರ್ ಕೊಳವೆ ಸಿಲಿಂಡರಿಗೆ ಸೇರುವ ಕಡೆ ಸಣ್ಣ ಗುಳ್ಳೆಗಳು ಎದ್ದವು. ಅದನ್ನು ಬಿಗಿ ಮಾಡಿದ ಮೇಲೆ ಬಿಳಿ ಪುಡಿ ಕಡಿಮೆಯಾಯಿತು, ನಿಲ್ಲಲಿಲ್ಲ. ವಿಶ್ವಾರಾಧ್ಯರಿಗೆ ಹುಡುಗ ಬಹಳ ಹಿಡಿಸಿದ. ಅಂದಿನಿಂದ ಸಿಲಿಂಡರಿನ ವಿಷಯ ಬಂದಾಗೆಲ್ಲ, ನಿನ್ನ ಯಜಮಾನರನ್ನ ಒಂದು ಮಾತು ಕೇಳಮ್ಮ ಅನ್ನುವುದು ಅವರಿಗೆ ರೂಢಿಯಾಯಿತು.

೧೯೯೬ರ ಹೊತ್ತಿಗೆ ಅವಳು ಗರ್ಭಿಣಿ. ಈಥರಿನ ಹತ್ತಿರ ಸುಳಿಯಬೇಡ ಎಂದು ವಿಶ್ವಾರಾಧ್ಯರು ಕಟ್ಟುನಿಟ್ಟಾಗಿ ಹೇಳಿದ್ದರು. ಇಂಗಾಲಕ್ಕೆ ಬೋರಾನ್ ಕಟ್ಟಿದ ಎಸ್ಟರ್ ಎಂಬ ವಸ್ತುವನ್ನು ಬೇಸಿಗೆಯಲ್ಲೇ ಅವರೇ ನಿಂತು ತಯಾರಿಸಿ, ಗಾಜಿನಲ್ಲಿ ಮುಚ್ಚಿ ಇಟ್ಟಿದ್ದರು. ಅದಕ್ಕೆ ಜೊತೆಗಾರ ಅಣುವನ್ನು ಸೇರಿಸುವುದಷ್ಟೇ ಬಾಕಿ. ಜುಲೈನಲ್ಲಿ, ತವರಿಗೆ ಹೋಗುವ ಮುಂಚೆ, ಇದೊಂದನ್ನು ಮಾಡಿಬಿಡುತ್ತೇನೆ ಎಂದು ಅವಳು ಹಟ ಮಾಡಿದಳು. ಮಳೆಗಾಲದಲ್ಲಿ ಕೆಲಸ ಮಾಡಬಾರದೆಂಬ ನಿಯಮವನ್ನು ಮುರಿದದ್ದು ಅದೊಂದೇ ಸಲ.

ಆ ದಿನ ಹೊರಗೆ ಮಳೆ ಜಡಿ ಹಿಡಿದಿತ್ತು. ಎರಡನ್ನೂ ಬೆರೆಸಿ ಕಲಕಲು ಇಟ್ಟಿದ್ದಳು. ಕರೆಂಟು ಹೋಯಿತು, ಪಂಪು ನಿಂತಿತು. ಸ್ವಲ್ಪ ಹೊತ್ತಿಗೆ ನೈಟ್ರೋಜನ್ ಸಿಲಿಂಡರಿನ ಮುಳ್ಳು ಕೆಳಗೆ ಇಳಿದು ಸೊನ್ನೆಯಲ್ಲಿ ನಿಂತಿತು. ಇನ್ನೊಂದು ಸಿಲಿಂಡರನ್ನು ಎಳೆದು ತರುವ ಸ್ಥಿತಿಯಲ್ಲಿ ಅವಳು ಇರಲಿಲ್ಲ. ವಿಶ್ವಾರಾಧ್ಯರು ಶಿವಮೊಗ್ಗದಲ್ಲಿ ಯಾವುದೋ ಮೀಟಿಂಗಿಗೆ ಹೋಗಿದ್ದರು. ಸೊಂಟ ಬೇರೆ ನೋಯುತ್ತಿತ್ತು. ಇದೂ ಕೆಟ್ಟಿತು ಎಂದುಕೊಂಡು ಫ್ಲಾಸ್ಕಿನ ಬಾಯಿಗೆ ಹತ್ತಿ ತುರುಕಿ ಕಪಾಟಿನಲ್ಲಿಟ್ಟು ಬಸ್ಸು ಹಿಡಿದಳು. ಅಂದು ಸಂಜೆಯೇ ನೋವು ಬಂದಿತು. ಬೆಳಗಾಗುವ ಹೊತ್ತಿಗೆ ಭದ್ರಾವತಿಯ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ರಶ್ಮಿ ಎಂದು ಹೆಸರಿಟ್ಟರು.

ಬಾಣಂತನಕ್ಕೆ ಶಿವಮೊಗ್ಗದ ತವರಿಗೆ ಹೋದವಳು ದೀಪಾವಳಿ ಕಳೆದ ಮೇಲೆ ಮರಳಿದಳು. ಮಗುವನ್ನು ನೋಡಿಕೊಳ್ಳಲು ತಾಯಿ ನಂಜಮ್ಮನೂ ಜೊತೆಗೆ ಬಂದು ನ್ಯೂಟೌನಿನಲ್ಲೇ ಉಳಿದರು. ಸುಮನಾ ಪ್ರಯೋಗಾಲಯಕ್ಕೆ ಹೋಗಿ ಮೊದಲು ಮಾಡಿದ ಕೆಲಸ ತೊಳೆಯುವುದು. ಕಪಾಟಿನಿಂದ ಆ ಫ್ಲಾಸ್ಕನ್ನು ತೆಗೆದು ಹತ್ತಿ ಕೀಳಲು ಹೋದವಳು ಕೈ ತಡೆದಳು. ತಳದಲ್ಲಿ ಬಿಳಿ ಪುಡಿ ಇರಲಿಲ್ಲ. ಗಾಜಿನ ಗೋಡೆಯ ಉದ್ದಕ್ಕೂ ಸೂಜಿಯಂಥ ಹರಳುಗಳು ಬೆಳೆದಿದ್ದವು. ಕಿಟಕಿಯ ಬಳಿ ಹಿಡಿದರೆ ಒಂದರ ಮೂಲಕ ಇನ್ನೊಂದು ಕಾಣುವಷ್ಟು ತಿಳಿಯಾಗಿದ್ದವು.

ವಿಶ್ವಾರಾಧ್ಯರು ನೋಡಿ, ನಿಧಾನವಾಗಿ ಬೆಳೆದರೆ ಬೋರಿಕ್ ಆಸಿಡ್ಡೂ ಹರಳಾಗುತ್ತದೆ ಅಂದರು. ಅವಳು ಒಂದು ಚೂರು ತೆಗೆದು ಬಿಸಿ ಮಾಡಿ ನೋಡಿದಳು. ಅದು ಬೋರಿಕ್ ಆಸಿಡ್ಡಿನ ಹಾಗೆ ನಡೆದುಕೊಳ್ಳಲಿಲ್ಲ. ಒಂದು ಶಾಖಕ್ಕೆ ಬಂದ ಕೂಡಲೇ ಚೊಕ್ಕಟವಾಗಿ ಕರಗಿತು. ಇನ್ನೊಂದು ಚೂರನ್ನು ನೀರಿಗೆ ಹಾಕಿ ಊಟ ಮಾಡಿ ಬಂದಳು. ಅದು ಹಾಗೇ ಇತ್ತು. ಮೇಷ್ಟ್ರು ಸ್ವಲ್ಪವನ್ನು ಸಣ್ಣ ಸೀಸೆಯಲ್ಲಿ ಹಾಕಿಕೊಂಡು ತಾವೇ ರೈಲು ಹತ್ತಿ ಬೆಂಗಳೂರಿಗೆ ಹೋದರು. ಅಣುವಿನೊಳಗೆ ಬೋರಾನ್ ಹೇಗೆ ಕೂತಿದೆ ಎಂದು ತೋರಿಸುವ ಯಂತ್ರ ಆಗ ಅಲ್ಲಿ ಮಾತ್ರ ಇತ್ತು, ಅದಕ್ಕೆ ಸರದಿ ಕಾಯಬೇಕಿತ್ತು.

ಮರಳಿ ಬಂದವರು ಶಿವಮೊಗ್ಗದ ಹೊಸಮನೆ ಬಡಾವಣೆಯ ತಮ್ಮ ಮನೆಗೆ ಹೋಗದೆ ಭದ್ರಾವತಿ ಸ್ಟೇಷನ್ನಿನಲ್ಲೇ ಇಳಿದು, ಬ್ಯಾಗು ಹೆಗಲಿಗೆ ಹಾಕಿಕೊಂಡು ನ್ಯೂಟೌನಿಗೆ ನಡೆದು ಬಂದರು. ನಂಜಮ್ಮ ಮಗುವಿಗೆ ಎಣ್ಣೆ ಹಚ್ಚುತ್ತಿದ್ದರು. ವೀರೇಂದ್ರ ಡ್ಯೂಟಿಗೆ ಹೊರಟಿದ್ದವನು ನಿಂತ. ವಿಶ್ವಾರಾಧ್ಯರು ಕುರ್ಚಿಯ ಅಂಚಿನಲ್ಲಿ ಕೂತು, ಸುರುಳಿ ಸುತ್ತಿದ ಕಾಗದವನ್ನು ಬಿಡಿಸಿ ಮೊಣಕಾಲಿನ ಮೇಲೆ ಹರಡಿದರು. ಉದ್ದದ ಗೆರೆ, ಅದರಲ್ಲಿ ಒಂದೇ ಒಂದು ಶಿಖರ.

“ಸುಮನಾ, ಇದು ಬದುಕಿದೆ,” ಅಂದರು. “ಸಾರಜನಕ ಸರಿಯಾಗಿ ಹಿಡ್ಕೊಂಡಿದೆ. ಗಾಳಿಯಲ್ಲಿ ಅಷ್ಟು ದಿನ ಇದ್ದೂ ಬದುಕಿದೆ.”

ಕಾಫಿ ಆರಿಹೋಯಿತು, ಅವರು ಅದನ್ನು ಹಾಗೇ ಕುಡಿದರು.

ಆ ಚಳಿಗಾಲದ ಮೊದಲ ದಿನಗಳು ಸಂಭ್ರಮದವು. ಹರಳನ್ನು ಸಾದಾ ಬಾಟಲಿಯಲ್ಲಿ ಹಾಕಿ ಕಪಾಟಿನಲ್ಲಿಟ್ಟರು. ಬೇಕಾದಾಗ ತೆಗೆದು, ಇನ್ನೊಂದು ಅಣುವಿನ ಜೊತೆ ಬೆಸೆಯಲು ಹಾಕಿದರು. ಬೆಸುಗೆಯೂ ಚೆನ್ನಾಗಿ ಬಂದಿತು. ಇಬ್ಬರೂ ಸೇರಿ ಲೇಖನ ಬರೆದು ಹೊರದೇಶದ ಒಂದು ಪತ್ರಿಕೆಗೆ ಕಳಿಸಿದರು. ಹರಳು ಮುಗಿಯುತ್ತ ಬಂದದ್ದರಿಂದ ಸುಮನಾ ಇನ್ನಷ್ಟು ತಯಾರಿಸಲು ಕೂತಳು. ತೊಂದರೆ ಆಗ ಶುರುವಾಯಿತು.

ಹರಳು ಬರಲಿಲ್ಲ. ಜೇನುತುಪ್ಪದಂಥ ಅಂಟು ಬಂದಿತು. ಪಾತ್ರೆಗಳನ್ನು ಇನ್ನೂ ಹೆಚ್ಚು ಕಾಯಿಸಿದಳು, ಹೊಸ ಸಿಲಿಂಡರ್ ತರಿಸಿದಳು, ದ್ರವಗಳನ್ನು ಮತ್ತೆ ಮತ್ತೆ ಶುದ್ಧಿ ಮಾಡಿದಳು. ಎಷ್ಟು ಜೋಪಾನ ಮಾಡಿದರೆ ಅಂಟು ಅಷ್ಟು ಗಟ್ಟಿಯಾಗುತ್ತಿತ್ತು. ಜನವರಿ ಹೀಗೇ ಹೋಯಿತು. ಫೆಬ್ರವರಿಯಲ್ಲಿ ಪತ್ರಿಕೆಯಿಂದ ಉತ್ತರ ಬಂದಿತು. ಲೇಖನವನ್ನು ಪರಿಶೀಲಿಸಿದವರಲ್ಲಿ ಒಬ್ಬರು ತಮ್ಮ ಪ್ರಯೋಗಾಲಯದಲ್ಲಿ ಅದನ್ನೇ ಮಾಡಿ ನೋಡಿದ್ದರಂತೆ. ತಮಗೆ ಅಂಟು ಬಿಟ್ಟರೆ ಏನೂ ಸಿಗಲಿಲ್ಲ, ಇದನ್ನು ನಂಬುವುದು ಕಷ್ಟ ಎಂದು ಬರೆದಿದ್ದರು. ಅವರ ಹೆಸರು ಇರಲಿಲ್ಲ. ಅಂಥವರ ಹೆಸರು ಹೇಳುವ ಪದ್ಧತಿ ಇಲ್ಲ.

ವಿಶ್ವಾರಾಧ್ಯರು ಅದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಮಗೇ ಎರಡನೇ ಸಲ ಬರುತ್ತಿಲ್ಲ, ಬೇರೆಯವರನ್ನು ಏನು ಹೇಳುವುದು, ಸದ್ಯಕ್ಕೆ ಈ ವಿಷಯ ಬಿಟ್ಟುಬಿಡೋಣ ಅಂದರು. ಇದುವರೆಗೆ ಮಾಡಿದ್ದನ್ನೇ ಸೇರಿಸಿ ಪ್ರಬಂಧ ಬರೆದರೆ ಡಾಕ್ಟರೇಟಿಗೆ ಸಾಕು ಎಂದು ಸಮಾಧಾನ ಹೇಳಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಆ ಹರಳನ್ನು ಅವಳು ಕೈಯಾರೆ ಹಿಡಿದು ನೋಡಿದ್ದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಭದ್ರಾವತಿ ಬರುವವರೆಗೂ ಕಣ್ಣು ಒರೆಸಿಕೊಳ್ಳುತ್ತಲೇ ಬಂದಳು.

ಎರಡು ದಿನ ಅವಳು ಹೋಗಲಿಲ್ಲ. ಮನೆಯಲ್ಲೇ ಮಗುವಿನ ಜೊತೆ ಇದ್ದಳು. ಎರಡನೇ ದಿನ ಮಧ್ಯಾಹ್ನ ನಂಜಮ್ಮ ಹಿತ್ತಲಿನಲ್ಲಿ ಮಗುವಿನ ಬಟ್ಟೆಗಳನ್ನು ಹಿಂಡಿ ತಂತಿಯ ಮೇಲೆ ಹರಡುತ್ತಿದ್ದರು. ಸಾಲಿನ ಕೊನೆಯದನ್ನು ಹಾಕುವಷ್ಟರಲ್ಲಿ ಮೊದಲನೆಯದು ಒಣಗಿತ್ತು. ಅವರು ಅದನ್ನು ತೆಗೆದು ಮಡಿಸುತ್ತ, “ಇವಳು ಹುಟ್ಟಿದಾಗ ಇದೇ ಬಟ್ಟೆ ಒಣಗಿಸೋಕೆ ನಾನು ಕೆಂಡದ ಮೇಲೆ ಬುಟ್ಟಿ ಮುಚ್ಚಿಕೊಂಡು ಕೂತಿರ್ತಿದ್ದೆ ಕಣೇ. ಆಗ ಬೆಳಿಗ್ಗೆ ಹಾಕಿದ್ದು ಸಂಜೆಗೂ ಹಸಿಯೇ. ಈಗ ನೋಡು,” ಅಂದರು.

ಸುಮನಾ ಹೊಸ್ತಿಲಲ್ಲಿ ಕೂತು ಮಗುವಿಗೆ ಗಂಜಿ ತಿನ್ನಿಸುತ್ತಿದ್ದಳು. ಚಮಚ ಕೈಯಲ್ಲೇ ಉಳಿಯಿತು. ಆ ಫ್ಲಾಸ್ಕಿನ ಬಾಯಿಗೆ ತಾನು ಇಟ್ಟದ್ದು ಬರೀ ಹತ್ತಿ. ಜುಲೈ, ಆಗಸ್ಟ್, ಸೆಪ್ಟೆಂಬರ್ ಪೂರ್ತಿ ಆ ಹತ್ತಿಯ ಮೂಲಕ ಮಳೆಗಾಲದ ಹಸಿ ಗಾಳಿ ಒಳಗೆ ಹೋಗಿ ಬಂದಿದೆ. ನೀರು ಸೇರಿಯೂ ಹರಳು ಕೆಡಲಿಲ್ಲ ಎಂದು ತಾವು ಆಶ್ಚರ್ಯಪಟ್ಟಿದ್ದರು. ನೀರು ಸೇರಿದ್ದರಿಂದಲೇ ಹರಳಾಯಿತೇ ಎಂದು ಯಾರೂ ಕೇಳಿಕೊಂಡಿರಲಿಲ್ಲ.

ಮರುದಿನ ಅವಳು ಇದನ್ನು ಹೇಳಿದಾಗ ವಿಶ್ವಾರಾಧ್ಯರು ಎದ್ದರು. ಕಿಟಕಿಯ ಹತ್ತಿರ ಹೋಗಿ ನಿಂತರು, ಮರಳಿ ಬಂದರು. ನೀರು ಬಿದ್ದರೆ ಹಾಳು ಎಂದು ಅವರು ಬದುಕಿಡೀ ನಂಬಿದ್ದವರು, ಹಾಳಾದದ್ದನ್ನು ಕಣ್ಣಾರೆ ನೋಡಿದ್ದವರು.

“ನನ್ನ ಕೈಯಲ್ಲಿ ಅದಕ್ಕೆ ನೀರು ಹಾಕೋಕೆ ಆಗಲ್ಲಮ್ಮ, ಕೈ ಬರಲ್ಲ,” ಅಂದರು ಕೊನೆಗೆ. “ನೀನು ಹಾಕು. ನಾನು ನೋಡ್ತೀನಿ.”

ಅವಳು ಸಿರಿಂಜಿನಲ್ಲಿ ಒಂದು ಹನಿ ನೀರು ತೆಗೆದುಕೊಂಡು ಆ ಅಂಟಿನ ದ್ರಾವಣಕ್ಕೆ ಬಿಟ್ಟಳು. ಬಿಳಿ ಮೋಡ ಎದ್ದು, ಹಳೆಯ ಬಿಳಿ ಪುಡಿ ತಳಕ್ಕೆ ಕೂತಿತು. ಮಳೆಗಾಲದ ಗಾಳಿಯ ತೇವ ಹನಿಯಾಗಿ ಬೀಳುವುದಿಲ್ಲವಲ್ಲ ಎಂದು ಅವಳಿಗೆ ಹೊಳೆದದ್ದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ. ಡಬ್ಬಿಯನ್ನು ಹಾಗೇ ಬಿಟ್ಟು ಎದ್ದಳು. ಇನ್ನೊಂದು ಸಣ್ಣ ಪಾತ್ರೆಯಲ್ಲಿ ದ್ರಾವಣ ತೆಗೆದುಕೊಂಡು ಬಾಯಿಗೆ ಹತ್ತಿ ಇಟ್ಟಳು. ಅದರ ಪಕ್ಕದಲ್ಲಿ ಒಂದು ಬಟ್ಟಲು ನೀರು. ಎರಡರ ಮೇಲೂ ದೊಡ್ಡದೊಂದು ಗಾಜಿನ ಜಾಡಿಯನ್ನು ಕವುಚಿ ಹಾಕಿದಳು. ಬೇಸಿಗೆಯ ಆ ಕೋಣೆಯಲ್ಲಿ ಒಂದು ಜಾಡಿಯಷ್ಟು ಮಳೆಗಾಲ.

ಮೊದಲ ದಿನ ಏನೂ ಆಗಲಿಲ್ಲ. ಅದಾದ ಮೇಲೆ ಒಂದು ಬೆಳಿಗ್ಗೆ ಅವಳು ಬರುವ ಹೊತ್ತಿಗೆ ವಿಶ್ವಾರಾಧ್ಯರು ಆಗಲೇ ಬಂದು ಜಾಡಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಅವಳನ್ನು ನೋಡಿ, ಪಕ್ಕಕ್ಕೆ ಸರಿದು, ಬಾ ಎಂದು ಕೈ ಮಾಡಿದರು. ಗಾಜಿನ ಅಂಚಿನಲ್ಲಿ ಸೂಜಿಗಳು ಕಾಣಿಸಿಕೊಂಡಿದ್ದವು. ಅವರ ಕಣ್ಣು ಒದ್ದೆಯಾಗಿತ್ತು. ಈಥರಿನ ಘಾಟು ಎಂದರು. ಅಲ್ಲಿ ಈಥರ್ ಇರಲಿಲ್ಲ.

ಆ ಹರಳುಗಳನ್ನು ಬೆಂಗಳೂರಿಗೆ ಒಯ್ದು ಎಕ್ಸ್‌ರೇ ಹಾಯಿಸಿ ನೋಡಿದಾಗ ವಿಷಯ ತಿಳಿಯಾಯಿತು. ಪ್ರತಿ ಎರಡು ಅಣುಗಳ ನಡುವೆ ಒಂದು ನೀರಿನ ಅಣು ಕೂತು, ಎರಡನ್ನೂ ಅಕ್ಕಪಕ್ಕ ಹಿಡಿದು ನಿಲ್ಲಿಸಿತ್ತು. ನೀರಿಲ್ಲದಿದ್ದರೆ ಅವು ಸಾಲಾಗಿ ನಿಲ್ಲದೆ ಒಂದಕ್ಕೊಂದು ತೊಡರಿಕೊಂಡು ಅಂಟಾಗುತ್ತಿದ್ದವು. ನೀರು ಒಮ್ಮೆಲೇ ಹೆಚ್ಚು ಬಂದರೆ ಒಡೆದುಹೋಗುತ್ತಿದ್ದವು. ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಬರಬೇಕು. ಲೇಖನವನ್ನು ಮೊದಲಿನಿಂದ ಬರೆದು ಬೇರೆ ಪತ್ರಿಕೆಗೆ ಕಳಿಸಿದರು. ಅಂಥ ದೊಡ್ಡ ಹೆಸರಿನ ಪತ್ರಿಕೆಯೇನಲ್ಲ, ಆದರೆ ಒಪ್ಪಿಕೊಂಡರು. ೧೯೯೮ರಲ್ಲಿ ಅವಳಿಗೆ ಡಾಕ್ಟರೇಟ್ ಬಂದಿತು. ಮೂರ್ತಪ್ಪನವರು ಅಂಗಡಿಗೆ ಬಂದವರಿಗೆಲ್ಲ ಪೇಡೆ ಕೊಟ್ಟರು. ಮಗಳು ಏನು ಕಂಡುಹಿಡಿದಳು ಎಂದು ಯಾರಾದರೂ ಕೇಳಿದರೆ, ಮಳೆಗಾಲದಲ್ಲಿ ಕೆಡದ ಪುಡಿ ಎಂದು ಹೇಳುತ್ತಿದ್ದರು. ಅವಳು ತಿದ್ದಲು ಹೋಗಲಿಲ್ಲ.

ಶಿವಮೊಗ್ಗದ ಒಂದು ಮಹಿಳಾ ಕಾಲೇಜಿನಲ್ಲಿ ಅವಳಿಗೆ ಅಧ್ಯಾಪಕಿಯ ಕೆಲಸ ಸಿಕ್ಕಿತು. ಮನೆ ಭದ್ರಾವತಿಯಲ್ಲೇ. ಬೆಳಿಗ್ಗೆ ಶಿವಮೊಗ್ಗದ ಬಸ್ಸು ಹತ್ತಿದರೆ ಮಲವಗೊಪ್ಪ ದಾಟುವಷ್ಟರಲ್ಲಿ ಅಂದಿನ ಪಾಠ ತಲೆಯಲ್ಲಿ ಸಿದ್ಧವಾಗಿರುತ್ತಿತ್ತು. ಕಾಲೇಜಿನ ಹಿಂಬದಿಯಲ್ಲಿ ಹಳೆಯ ಬೆಂಚುಗಳನ್ನು ತುಂಬಿಟ್ಟಿದ್ದ ಒಂದು ಕೋಣೆಯನ್ನು ಕೇಳಿ ಪಡೆದುಕೊಂಡಳು. ವೀರೇಂದ್ರ ಒಂದು ರಜೆಯ ದಿನ ಬಂದು ಗ್ಯಾಸಿನ ಪೈಪು ಎಳೆದುಕೊಟ್ಟ. ಅಲ್ಲಿ ಬಿ.ಎಸ್ಸಿ. ಓದುವ ಹುಡುಗಿಯರಿಗೆ ಅವಳು ಮೆಗ್ನೀಸಿಯಂ, ಈಥರ್, ಸಾಸಿವೆಯಷ್ಟು ಅಯೋಡಿನ್ ತೋರಿಸುತ್ತಿದ್ದಳು. ಉಳಿದ ಹೊತ್ತಿನಲ್ಲಿ ತನ್ನ ಕೆಲಸ. ಬೇರೆ ಬೇರೆ ಜೊತೆಗಾರರು, ಬೇರೆ ಬೇರೆ ಹರಳುಗಳು. ಈ ಕೋಣೆಯಲ್ಲಿ ಮಳೆಗಾಲದಲ್ಲೂ ಕೆಲಸ ನಿಲ್ಲುತ್ತಿರಲಿಲ್ಲ, ಆಗಲೇ ಜಾಸ್ತಿ.

೨೦೦೧ರ ಡಿಸೆಂಬರಿನಲ್ಲಿ ಪುಣೆಯಲ್ಲಿ ನಡೆದ ಒಂದು ಸಮ್ಮೇಳನಕ್ಕೆ ಅವಳಿಗೆ ಕರೆ ಬಂದಿತು. ದೊಡ್ಡ ದೊಡ್ಡ ಸಂಸ್ಥೆಗಳ ಜನ. ಅವಳಿಗೆ ಸಿಕ್ಕದ್ದು ಊಟಕ್ಕೆ ಮುಂಚಿನ ಕೊನೆಯ ಸರದಿ. ಸಭೆಯಲ್ಲಿ ಅರ್ಧ ಕುರ್ಚಿ ಖಾಲಿ. ಅವಳು ಹರಳಿನ ಚಿತ್ರ ತೋರಿಸಿ, ಹತ್ತಿ ತುರುಕಿದ ಫ್ಲಾಸ್ಕಿನ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಮಗು ಹುಟ್ಟಿದ್ದನ್ನೂ ಹೇಳಿದಳು, ಏಕೆಂದರೆ ಅದನ್ನು ಬಿಟ್ಟು ಫ್ಲಾಸ್ಕು ಕಪಾಟಿನಲ್ಲೇ ಉಳಿದ ಆ ನಾಲ್ಕು ತಿಂಗಳಿಗೆ ಕಾರಣ ಹೇಳುವುದು ಹೇಗೆಂದು ತಿಳಿಯಲಿಲ್ಲ. ಜನ ನಕ್ಕರು, ಒಳ್ಳೆಯ ನಗು ಅದು.

ಊಟದ ಸಾಲಿನಲ್ಲಿ ತೆಳ್ಳಗಿನ, ನೆರೆತ ಗಡ್ಡದ ಒಬ್ಬರು ತಟ್ಟೆ ಹಿಡಿದುಕೊಂಡು ಅವಳ ಪಕ್ಕಕ್ಕೆ ಬಂದರು. ಜೋಧಪುರದ ಕಾಲೇಜೊಂದರಲ್ಲಿ ಇರುವವರು, ಹೆಸರು ಬೋಹ್ರಾ. ಅವಳ ಮಾತು ಚೆನ್ನಾಗಿತ್ತು ಎಂದರು. ಏನೋ ಹೇಳಬೇಕೆಂದು ಬಂದವರು ಸ್ವಲ್ಪ ಹೊತ್ತು ಅನ್ನವನ್ನೇ ಕಲಸುತ್ತಿದ್ದರು. ಕೊನೆಗೆ ಇಂಗ್ಲಿಷಿನಲ್ಲಿ, ತಗ್ಗಿದ ದನಿಯಲ್ಲಿ, ನಿಮ್ಮ ಮೊದಲ ಲೇಖನವನ್ನು ಒಪ್ಪಬಾರದೆಂದು ಬರೆದವನು ನಾನೇ ಅಂದರು. ಇಂಥದ್ದನ್ನು ಹೇಳುವ ಪದ್ಧತಿಯಿಲ್ಲ, ಆದರೆ ಅವಳ ಕಥೆ ಕೇಳಿದ ಮೇಲೆ ಹೇಳದೆ ಊಟ ಮಾಡಲಾಗಲಿಲ್ಲವಂತೆ.

ಸುಮನಾಳಿಗೆ ಬಸ್ಸಿನ ಕಿಟಕಿ ನೆನಪಾಯಿತು. ಸಿಟ್ಟು ಬರುತ್ತದೇನೋ ಎಂದು ಒಂದು ಗಳಿಗೆ ಕಾದಳು, ಬರಲಿಲ್ಲ. ಬೋಹ್ರಾ ಮುಂದುವರಿಸಿದರು. ನಮ್ಮ ಊರು ಮರುಭೂಮಿಯ ಅಂಚು, ಅಲ್ಲಿನ ಚಳಿಗಾಲದಲ್ಲಿ ತುಟಿ ಒಡೆದು ರಕ್ತ ಬರುತ್ತದೆ, ಗಾಳಿಯಲ್ಲಿ ತೇವವೆಂಬುದೇ ಇರುವುದಿಲ್ಲ. ಎಷ್ಟು ಸಲ ಮಾಡಿದರೂ ಅಂಟೇ ಬಂದಿತು, ಮನಸ್ಸಿಗೆ ಅನ್ನಿಸಿದ್ದನ್ನು ಬರೆದೆ. ಆಮೇಲೆ ಎರಡನೇ ಲೇಖನ ಓದಿದ ದಿನ ಪ್ರಯೋಗಾಲಯದ ತುಂಬ ಒದ್ದೆ ಟವಲುಗಳನ್ನು ನೇತುಹಾಕಿಸಿದೆ, ವಿದ್ಯಾರ್ಥಿಗಳು ಮೇಷ್ಟ್ರಿಗೆ ಏನೋ ಆಗಿದೆ ಅಂದುಕೊಂಡರು, ಟವಲು ಒಣಗಿದ ಹಾಗೆಲ್ಲ ಮತ್ತೆ ನೆನೆಸಿ ಹಾಕುತ್ತಿದ್ದೆವು, ಹರಳು ಬಂದಿತು.

ಅವಳಿಗೆ ಆ ಟವಲುಗಳು ಕಣ್ಣಿಗೆ ಕಟ್ಟಿದವು. ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ನಮ್ಮ ಊರಿಗೆ ಜುಲೈನಲ್ಲಿ ಬನ್ನಿ, ಟವಲು ಬೇಕಾಗುವುದಿಲ್ಲ ಎಂದು ಅವಳು ಹೇಳಿದಳು. ಅವರ ಕಾಲೇಜಿಗೆ ಹೊಸದಾಗಿ ಬೋರಾನ್ ನೋಡುವ ಯಂತ್ರ ಬಂದಿತ್ತು. ಇನ್ನು ಮುಂದೆ ಬೆಂಗಳೂರಿನಲ್ಲಿ ಸರದಿ ಕಾಯಬೇಡಿ, ಹರಳುಗಳನ್ನು ಅಂಚೆಯಲ್ಲಿ ನನಗೆ ಕಳಿಸಿ ಎಂದು ವಿಳಾಸ ಕೊಟ್ಟರು. ಹಾಗೆ ಶುರುವಾದದ್ದು ಬಹಳ ವರ್ಷ ನಡೆಯಿತು. ಮುಂದೆ ಅವಳು ಬರೆದ ಒಳ್ಳೆಯ ಲೇಖನಗಳಲ್ಲೆಲ್ಲ ಅವರ ಹೆಸರೂ ಇತ್ತು.

ಪುಣೆಯಿಂದ ಬಂದ ಮೊದಲ ಭಾನುವಾರ ರಶ್ಮಿಯನ್ನು ಸಕ್ರೆಬೈಲಿಗೆ ಕರೆದುಕೊಂಡು ಹೋಗುತ್ತೇವೆಂದು ಮಾತು ಕೊಟ್ಟಿದ್ದರು. ಆನೆಗಳು ತುಂಗೆಯಲ್ಲಿ ಸ್ನಾನ ಮಾಡುವುದನ್ನು ನೋಡಬೇಕಾದರೆ ಬೆಳಿಗ್ಗೆಯೇ ಹೋಗಬೇಕು. ದಾರಿಯಲ್ಲಿ ಹೊಸಮನೆಯಲ್ಲಿ ಮೇಷ್ಟ್ರಿಗೆ ಒಂದು ಮಾತು ಹೇಳಿ ಹೊರಡೋಣ ಎಂದು ಸ್ಕೂಟರ್ ನಿಲ್ಲಿಸಿದರು. ವಿಶ್ವಾರಾಧ್ಯರು ನಿವೃತ್ತರಾಗಿದ್ದರು. ಪೇಪರ್ ಓದುತ್ತ ಕೂತವರು, ಬೋಹ್ರಾ ಅವರ ಸುದ್ದಿ ಕೇಳಿ ಪೇಪರನ್ನು ಮಡಿಸಿದರು. ಟವಲಿನ ಭಾಗವನ್ನು ಎರಡು ಸಲ ಹೇಳಿಸಿಕೊಂಡರು. ಹೆಂಡತಿ ಶಾಮಲಾ ಅವರನ್ನು ಅಡುಗೆಮನೆಯಿಂದ ಕರೆದು, ಕೇಳಿದೆಯಾ ಮಾರಾಯ್ತಿ ಎಂದು ತಾವೇ ಇನ್ನೊಂದು ಸಲ ಹೇಳಿದರು. ಆಮೇಲೆ ಸುಮನಾಳ ಕಡೆ ತಿರುಗಿದರು.

“ಒಂದೇ ಅಣುವಿನಲ್ಲಿ ಎರಡು ಬೋರಾನ್ ಇಡೋಕಾಗುತ್ತಾ? ನಡುವೆ ಅದೇ ನೀರು,” ಅಂದರು.

ಸುಮನಾ ನಿಂತಿದ್ದವಳು ಕೂತಳು. ಅವರು ಯಾವುದೋ ಮದುವೆಯ ಆಮಂತ್ರಣದ ಹಿಂಬದಿಯಲ್ಲಿ ಷಟ್ಕೋನ ಬರೆಯತೊಡಗಿದರು. ಆ ತುದಿಗೆ ಸಾರಜನಕ ಇಟ್ಟರೆ ಇಕ್ಕಟ್ಟಾಗುತ್ತದೆ ಎಂದು ಅವಳು ಪೆನ್ನು ಕಿತ್ತುಕೊಂಡಳು. ವೀರೇಂದ್ರ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದ. ಹೊತ್ತಾಗುತ್ತದೆ, ನಾವಿಬ್ಬರು ಹೋಗಿ ಬರುತ್ತೇವೆ ಎಂದು ಹೇಳಿ ಮಗಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೊರಟ. ಸುಮನಾ ಹೂಂ ಅಂದಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ.

ಅವರು ಆನೆ ನೋಡಿ, ದಾರಿಯಲ್ಲಿ ಎಳನೀರು ಕುಡಿದು, ಮಧ್ಯಾಹ್ನ ಮರಳಿದಾಗ ಆಮಂತ್ರಣದ ಎರಡೂ ಬದಿ ತುಂಬಿ, ಪೇಪರಿನ ಅಂಚುಗಳೂ ತುಂಬಿದ್ದವು. ಶಾಮಲಾ ಬಡಿಸಿಟ್ಟ ತಟ್ಟೆಗಳು ಹಾಗೇ ಇದ್ದವು. ರಶ್ಮಿ ಓಡಿಬಂದು, ಮರಿ ಆನೆಯೊಂದು ಸೊಂಡಿಲಿನಿಂದ ತನ್ನ ಮೇಲೆ ನೀರು ಎರಚಿತು ಎಂದು ಒದ್ದೆ ಫ್ರಾಕನ್ನು ಹಿಡಿದು ತೋರಿಸಿದಳು. ಸುಮನಾ ಅವಳನ್ನು ಹಾಗೇ ತೊಡೆಯ ಮೇಲೆ ಕೂರಿಸಿಕೊಂಡಳು. ಆನೆಯ ಹೆಸರೇನು, ಅದರ ಅಮ್ಮ ಎಲ್ಲಿತ್ತು ಎಂದು ಕೇಳಿದಳು. ವಿಶ್ವಾರಾಧ್ಯರು ಕನ್ನಡಕ ಮೇಲಕ್ಕೆ ಸರಿಸಿ, ಅದಕ್ಕೆ ಎಷ್ಟು ವಯಸ್ಸಂತೆ ಎಂದು ತಾವೂ ಕೇಳಿದರು. ಶಾಮಲಾ ಎಲ್ಲರಿಗೂ ಬಿಸಿ ಸಾರು ತಂದು ಹಾಕಿದರು.